ಲಿನಕ್ಸ್ ಹಾಕುವ ಮುಂಚೆ: ಹಾರ್ಡ್‌ವೇರ್ ಹೊಂದುತ್ತಾ ಅಂತ ಹೇಗೆ ನೋಡೋದು, ಡ್ರೈವರ್ ಎಲ್ಲಿಂದ ತರೋದು?

"ಈ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಬಹುದಾ?" ನನಗೆ ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಕೇಳುವವರು ಅಷ್ಟೊತ್ತಿಗೆ ಸಾಕಷ್ಟು ಹುಡುಕಾಡಿರುತ್ತಾರೆ. ಒಬ್ಬರು "ಎಲ್ಲ ಚೆನ್ನಾಗಿ ಓಡುತ್ತದೆ" ಅಂತ ಬರೆದಿರುತ್ತಾರೆ, ಇನ್ನೊಬ್ಬರು ಅದೇ ಮಾಡೆಲ್‌ನಲ್ಲಿ ವೈಫೈ ಬರುವುದೇ ಇಲ್ಲ ಅನ್ನುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಒಂದೇ ಹೆಸರಿನ ಲ್ಯಾಪ್‌ಟಾಪ್‌ನ ಒಂದು ಬ್ಯಾಚ್‌ನಲ್ಲಿ ಇಂಟೆಲ್ ವೈಫೈ ಕಾರ್ಡ್, ಇನ್ನೊಂದರಲ್ಲಿ ರಿಯಲ್‌ಟೆಕ್ ಅಥವಾ ಮೀಡಿಯಾಟೆಕ್ ಕಾರ್ಡ್ ಇರುವುದು ಮಾಮೂಲಿ. ಮಾಡೆಲ್ ಹೆಸರು ಮುಚ್ಚಳದ ಮೇಲಿರುತ್ತದೆ. ಲಿನಕ್ಸ್ ನೋಡುವುದು ಒಳಗಿನ ಚಿಪ್ಪನ್ನು.

ಹಾಗಾಗಿ ಪ್ರಶ್ನೆಯನ್ನೇ ಬದಲಾಯಿಸಿಕೊಳ್ಳಿ. ಒಳಗೆ ಯಾವ ಚಿಪ್ ಇದೆ? ನಾನು ಹಾಕುವ ಡಿಸ್ಟ್ರೋದ (ಉಬುಂಟು, ಫೆಡೋರಾ ಥರದ ಲಿನಕ್ಸ್ ಬಗೆ) ಕರ್ನಲ್, ಅಂದರೆ ಹಾರ್ಡ್‌ವೇರ್ ನಡೆಸುವ ಅದರ ತಿರುಳು, ಆ ಚಿಪ್ಪಿಗಿಂತ ಹೊಸದಾ, ಹಳೆಯದಾ? ಇವೆರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಗೊಂದಲ ಅಲ್ಲೇ ಮುಗಿಯುತ್ತದೆ. ಉತ್ತರ ಹುಡುಕಲು ಮೂರ್ನಾಲ್ಕು ದಾರಿಗಳಿವೆ, ಡ್ರೈವರ್ (ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ತರಲು ಇನ್ನೊಂದು ನಾಲ್ಕು. ಯಾರಿಗೆ ಯಾವುದು ಸರಿ ಅಂತ ಇಲ್ಲಿ ತೂಗಿ ನೋಡೋಣ.

ಯಾವುದರಿಂದ ಅಳೆಯಬೇಕು

ನಾನು ನಾಲ್ಕು ವಿಷಯ ನೋಡುತ್ತೇನೆ. ಸಿಗುವ ಮಾಹಿತಿ ನನ್ನ ಕೈಲಿರುವ ಇದೇ ಯಂತ್ರದ್ದಾ, ಅಥವಾ ಅದೇ ಹೆಸರಿನ ಇನ್ಯಾವುದೋ ಯಂತ್ರದ್ದಾ? ದುಡ್ಡು ಕೊಡುವ ಮುಂಚೆಯೇ ಇದನ್ನು ತಿಳಿಯಬಹುದಾ? ಇವತ್ತು ಓಡಿದ ಡ್ರೈವರ್ ಮುಂದಿನ ಕರ್ನಲ್ ಅಪ್‌ಡೇಟ್ ಆದ ಮೇಲೂ ಓಡುತ್ತದಾ? ಕೊನೆಯದಾಗಿ, ಕೆಟ್ಟರೆ ಸರಿ ಮಾಡಿಕೊಳ್ಳಲು ನನಗೆ ಸಮಯ ಇದೆಯಾ?

ಹೊಸಬರು ಮೂರನೆಯದನ್ನು ಮರೆಯುತ್ತಾರೆ. ನಾನೂ ಮರೆತಿದ್ದೆ. ಒಂದು ಚಿಕ್ಕ ಯುಎಸ್‌ಬಿ ವೈಫೈ ಡಾಂಗಲ್ ತಂದಿದ್ದೆ. ಡಬ್ಬದ ಮೇಲೆ ಲಿನಕ್ಸ್ ಅಂತ ಬರೆದಿತ್ತು, ಡ್ರೈವರ್‌ನ ಸೋರ್ಸ್ ಕೋಡ್ ಕೂಡ ಸಿಕ್ಕಿತು. ಅದನ್ನು ಕಂಪೈಲ್ ಮಾಡಿದೆ, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತಂದೆ. ಓಡಿತು. ಎರಡು ತಿಂಗಳಾದ ಮೇಲೆ ಒಂದು ರಾತ್ರಿ ಅಪ್‌ಡೇಟ್ ಹಾಕಿ ಮಲಗಿದೆ. ಬೆಳಗ್ಗೆ ನೆಟ್ ಇಲ್ಲ. ಹೊಸ ಕರ್ನಲ್‌ಗೆ ಆ ಕೋಡ್ ಕಂಪೈಲ್ ಆಗುತ್ತಿರಲಿಲ್ಲ, ಸರಿ ಮಾಡುವ ದಾರಿ ಹುಡುಕೋಣ ಅಂದರೆ ನೆಟ್ಟೇ ಇರಲಿಲ್ಲ. "ಲಿನಕ್ಸ್ ಸಪೋರ್ಟ್ ಇದೆ" ಎಂಬ ಮಾತಿಗೂ "ಡ್ರೈವರ್ ಕರ್ನಲ್ ಒಳಗೇ ಇದೆ" ಎಂಬ ಮಾತಿಗೂ ಎಷ್ಟು ದೂರ ಅಂತ ಅವತ್ತು ಗೊತ್ತಾಯಿತು.

ಚಿಪ್ಪಿನ ನಂಬರ್ ಓದುವುದು

ಯಾವ ದಾರಿ ಹಿಡಿದರೂ ಈ ಕೆಲಸ ಬೇಕೇ ಬೇಕು, ಅದಕ್ಕೇ ಮೊದಲು ಹೇಳುತ್ತಿದ್ದೇನೆ. ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಅಂತ ಬರೆಯಿರಿ. ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಕಿ, ಎನ್‌ಎನ್‌ಕೆ ಸೇರಿಸಿ. ಎಲ್ಲವೂ ಸಣ್ಣಕ್ಷರ (lspci -nnk). ಉದ್ದದ ಪಟ್ಟಿ ಬರುತ್ತದೆ, ಗಾಬರಿ ಬೇಡ. ಅದರಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಎನ್ನುವ ಸಾಲು ಹುಡುಕಿ. ಸಾಲಿನ ಕೊನೆಯ ಹತ್ತಿರ ಚೌಕ ಆವರಣದಲ್ಲಿ 8086:2723 ಥರದ ಜೋಡಿ ಇರುತ್ತದೆ. ಮೊದಲ ಭಾಗ ತಯಾರಕರ ಗುರುತು, 8086 ಅಂದರೆ ಇಂಟೆಲ್. ಎರಡನೆಯದು ಚಿಪ್ಪಿನ ಗುರುತು, 2723 ಅಂದರೆ ವೈಫೈ 6 ಎಎಕ್ಸ್200. ಕೆಲವು ಜೋಡಿಗಳಲ್ಲಿ ಅಂಕಿಗಳ ನಡುವೆ ಎ ಇಂದ ಎಫ್‌ವರೆಗಿನ ಅಕ್ಷರಗಳೂ ಬರುತ್ತವೆ.

ಅದರ ಕೆಳಗೆ ಸ್ವಲ್ಪ ಒಳಗೆ ಸರಿದು ಇನ್ನೊಂದು ಸಾಲು ಇರುತ್ತದೆ: ಕರ್ನಲ್ ಡ್ರೈವರ್ ಇನ್ ಯೂಸ್, ಮುಂದೆ ಐಡಬ್ಲ್ಯೂಎಲ್‌ವೈಫೈ. ಈ ಸಾಲು ಇದ್ದರೆ ಡ್ರೈವರ್ ಸಿಕ್ಕಿ ಚಿಪ್ಪಿಗೆ ಅಂಟಿಕೊಂಡಿದೆ ಅಂತ ಅರ್ಥ. ಚಿಪ್ಪಿನ ಹೆಸರು ಇದ್ದು ಕೆಳಗೆ ಈ ಸಾಲು ಇಲ್ಲದಿದ್ದರೆ, ಯಂತ್ರಕ್ಕೆ ಚಿಪ್ ಕಾಣುತ್ತಿದೆ, ಆದರೆ ನಡೆಸುವವರು ಯಾರೂ ಇಲ್ಲ. ಯುಎಸ್‌ಬಿ ಸಾಧನಗಳಿಗೆ ಎಲ್‌ಎಸ್‌ಯುಎಸ್‌ಬಿ ಎಂಬ ಆಜ್ಞೆ ಇದೆ, ಅದೂ ಇಂಥದ್ದೇ ಜೋಡಿ ತೋರಿಸುತ್ತದೆ.

ಇನ್ನೂ ವಿಂಡೋಸ್‌ನಲ್ಲೇ ಇದ್ದೀರಾ? ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್‌ಗೆ ಹೋಗಿ, ಹಾರ್ಡ್‌ವೇರ್ ಐಡೀಸ್ ಆರಿಸಿ. ವೆನ್ ಎಂಬುದರ ಪಕ್ಕ ತಯಾರಕರ ನಂಬರ್, ಡೆವ್ ಎಂಬುದರ ಪಕ್ಕ ಚಿಪ್ಪಿನ ನಂಬರ್. ಅದೇ ಜೋಡಿ.

ಹೊಂದುತ್ತಾ ಅಂತ ನೋಡುವ ದಾರಿಗಳು

ಮೊದಲನೆಯದು ಅಧಿಕೃತ ಪಟ್ಟಿಗಳು. ಉಬುಂಟು ತಯಾರಿಸುವ ಕೆನಾನಿಕಲ್ ತಾನು ಪರೀಕ್ಷಿಸಿದ ಯಂತ್ರಗಳ ಪಟ್ಟಿ ಇಟ್ಟಿದೆ, ಇನ್ನೊಂದು ಲಿನಕ್ಸ್ ಕಂಪನಿಯಾದ ರೆಡ್ ಹ್ಯಾಟ್‌ಗೂ ಅಂಥದ್ದೊಂದಿದೆ. ದುಡ್ಡು ಕೊಡುವ ಮುಂಚೆ ಮನೆಯಲ್ಲೇ ಕೂತು ನೋಡಬಹುದು, ಅದು ದೊಡ್ಡ ಅನುಕೂಲ. ಆದರೆ ಪ್ರಮಾಣಪತ್ರ ಒಂದು ನಿರ್ದಿಷ್ಟ ಆವೃತ್ತಿಗೆ ಮಾತ್ರ ಅನ್ವಯಿಸುತ್ತದೆ, ಅದನ್ನು ಓದದೆ ಮುಂದೆ ಹೋಗಬೇಡಿ. ಕೆಲವು ಯಂತ್ರಗಳ ಪುಟದಲ್ಲಿ, ತಯಾರಕರು ಮೊದಲೇ ಹಾಕಿ ಕೊಡುವ ವಿಶೇಷ ಇಮೇಜ್‌ನ (ಸಿದ್ಧ ಲಿನಕ್ಸ್ ಪ್ರತಿ) ಮೇಲೆ ಪರೀಕ್ಷೆ ಆಗಿದೆ, ಸಾಮಾನ್ಯ ಉಬುಂಟು ಸರಿಯಾಗಿ ಓಡದಿರಬಹುದು ಅಂತಲೂ ಬರೆದಿರುತ್ತದೆ. ಪಟ್ಟಿಯಲ್ಲಿ ಕಾಣುವುದು ಹೆಚ್ಚಾಗಿ ಆಫೀಸು ಬಳಕೆಯ ಸರಣಿಗಳು. ಮನೆಬಳಕೆಯ ಕಡಿಮೆ ಬೆಲೆಯ ಮಾಡೆಲ್‌ಗಳು ಅಲ್ಲಿ ಅಪರೂಪ. ನಿಮ್ಮ ಮಾಡೆಲ್ ಅಲ್ಲಿಲ್ಲ ಅಂದ ಮಾತ್ರಕ್ಕೆ ಅದು ಓಡಲ್ಲ ಅಂತ ಅಲ್ಲ.

ಎರಡನೆಯದು ಬಳಕೆದಾರರೇ ಕೊಟ್ಟ ವರದಿಗಳು. ಲಿನಕ್ಸ್ ಹಾರ್ಡ್‌ವೇರ್ ಎಂಬ ತಾಣದಲ್ಲಿ ಜನ ಎಚ್‌ಡಬ್ಲ್ಯೂ ಪ್ರೋಬ್ ಎಂಬ ಸಾಧನ ಬಳಸಿ ತಮ್ಮ ಯಂತ್ರದ ವಿವರ ಏರಿಸುತ್ತಾರೆ. ಮೇಲೆ ಹೇಳಿದ ಜೋಡಿ ನಂಬರ್ ಹಾಕಿ ಹುಡುಕಿದರೆ ಯಾವ ಡ್ರೈವರ್, ಯಾವ ಕರ್ನಲ್‌ನಿಂದ, ಎಷ್ಟು ಜನರಿಗೆ ಓಡಿದೆ ಅಂತ ಸಿಗುತ್ತದೆ. ಮಾಡೆಲ್‌ಗಿಂತ ಚಿಪ್ ಮುಖ್ಯ ಅಂದೆನಲ್ಲ, ಈ ತಾಣ ಕೆಲಸ ಮಾಡುವುದೇ ಹಾಗೆ. ಆರ್ಚ್ ಎಂಬ ಡಿಸ್ಟ್ರೋದ ವಿಕಿಯಲ್ಲಿ ಬಹಳಷ್ಟು ಲ್ಯಾಪ್‌ಟಾಪ್‌ಗಳಿಗೆ ಬೇರೆ ಬೇರೆ ಪುಟ ಇದೆ. ಕ್ಯಾಮೆರಾ ಓಡುತ್ತಾ, ಬೆರಳಚ್ಚು ಓಡುತ್ತಾ, ಸ್ಪೀಕರ್‌ಗೆ ಏನು ಮಾಡಬೇಕು, ಎಲ್ಲ ಕೋಷ್ಟಕದಲ್ಲಿ. ನೀವು ಆರ್ಚ್ ಬಳಸದಿದ್ದರೂ ಓದಿ, ಹಾರ್ಡ್‌ವೇರ್ ಎಲ್ಲರಿಗೂ ಒಂದೇ ಅಲ್ವಾ. ವರದಿಯ ತಾರೀಖು ಮಾತ್ರ ಗಮನಿಸಿ. ಮೂರು ವರ್ಷದ ಹಿಂದೆ "ಓಡಲ್ಲ" ಅಂತ ಬರೆದದ್ದು ಇವತ್ತು ಕರ್ನಲ್ ಒಳಗೇ ಇರಬಹುದು.

ಮೂರನೆಯದು ಲೈವ್ ಯುಎಸ್‌ಬಿ. ನನ್ನ ಮಟ್ಟಿಗೆ ಇದಕ್ಕೆ ಸಾಟಿ ಇಲ್ಲ. ಪೆನ್‌ಡ್ರೈವ್‌ಗೆ ಡಿಸ್ಟ್ರೋ ಬರೆದು, ಅದರಿಂದಲೇ ಬೂಟ್ ಮಾಡಿ, ಹಾರ್ಡ್ ಡಿಸ್ಕ್ ಮುಟ್ಟದೆ ನೋಡುವುದು. ಇದೇ ಯಂತ್ರ, ಇದೇ ಚಿಪ್, ನೀವು ಹಾಕಬೇಕೆಂದಿರುವ ಅದೇ ಕರ್ನಲ್. ಊಹೆಗೆ ಜಾಗ ಇಲ್ಲ. ಆದರೆ ಸುಮ್ನೆ ಡೆಸ್ಕ್‌ಟಾಪ್ ಬಂತು ಅಂತ ಖುಷಿಪಟ್ಟು ಮುಚ್ಚಬೇಡಿ. ಹತ್ತು ನಿಮಿಷ ಕೊಡಿ. ವೈಫೈಗೆ ಸೇರಿಸಿ ಒಂದು ವಿಡಿಯೊ ಓಡಿಸಿ, ಸ್ಪೀಕರ್ ಕೇಳಿ, ಹೆಡ್‌ಫೋನ್ ಚುಚ್ಚಿ. ಮೈಕ್‌ನಲ್ಲಿ ಮಾತಾಡಿ ರೆಕಾರ್ಡ್ ಮಾಡಿ, ಸ್ಪೀಕರ್ ಓಡಿದರೂ ಮೈಕ್ ಕೈಕೊಡುವುದುಂಟು. ಕ್ಯಾಮೆರಾ ತೆರೆಯಿರಿ. ಪರದೆಯ ಬೆಳಕು ಏರಿಸಿ ಇಳಿಸಿ. ಬ್ಲೂಟೂತ್ ಜೋಡಿಸಿ. ಆಮೇಲೆ ಮುಚ್ಚಳ ಮುಚ್ಚಿ, ಎರಡು ನಿಮಿಷ ಬಿಟ್ಟು ತೆಗೆಯಿರಿ. ಪರದೆ ಬಂತಾ? ವೈಫೈ ಮತ್ತೆ ಸೇರಿತಾ? ಬಹಳ ಯಂತ್ರಗಳು ಎಡವುವುದು ಇಲ್ಲೇ. ಎಲ್ಲದರಲ್ಲೂ ಪಾಸಾಗಿ ನಿದ್ದೆಯಿಂದ ಏಳದ ಲ್ಯಾಪ್‌ಟಾಪ್ ಇಟ್ಟುಕೊಂಡು ದಿನಾ ಕೆಲಸ ಮಾಡುವುದು ತುಂಬ ಬೇಸರದ ವಿಷಯ.

ಲೈವ್ ಯುಎಸ್‌ಬಿಯಲ್ಲಿ ಗೊತ್ತಾಗದ್ದೂ ಇದೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಹತ್ತು ನಿಮಿಷದಲ್ಲಿ ತಿಳಿಯದು. ಬಹಳಷ್ಟು ಡಿಸ್ಟ್ರೋಗಳ ಲೈವ್ ಇಮೇಜ್‌ನಲ್ಲಿ ಎನ್‌ವಿಡಿಯಾದ ಸ್ವಂತ ಡ್ರೈವರ್ ಇರುವುದಿಲ್ಲ, ಬದಲಿಗೆ ನೂವೋ ಎಂಬ ಮುಕ್ತ ಡ್ರೈವರ್ ಓಡುತ್ತದೆ. ಹಾಗಾಗಿ ಅಲ್ಲಿ ಕಂಡ ವೇಗ ನಿಜವಾದ ವೇಗ ಅಲ್ಲ. ಇನ್‌ಸ್ಟಾಲರ್‌ಗೆ ಒಳಗಿನ ಎಸ್‌ಎಸ್‌ಡಿ ಕಾಣುತ್ತಾ ಅಂತಲೂ ನೋಡಿ. ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ ಅನ್ನು ಆರ್‌ಎಸ್‌ಟಿ ಎಂಬ ಇಂಟೆಲ್‌ನದೇ ಮೋಡ್‌ನಲ್ಲಿ ಇಟ್ಟಿರುತ್ತಾರೆ, ಲಿನಕ್ಸ್‌ಗೆ ಡಿಸ್ಕ್ ಕಾಣುವುದೇ ಇಲ್ಲ. ಬಯಾಸ್‌ನಲ್ಲಿ (ಯಂತ್ರ ಆನ್ ಆದಾಗ ಮೊದಲು ಓಡುವ ವ್ಯವಸ್ಥೆ) ಎಎಚ್‌ಸಿಐ ಎಂಬ ಸಾಮಾನ್ಯ ಮೋಡ್‌ಗೆ ಬದಲಾಯಿಸಿದರೆ ಕಾಣುತ್ತದೆ, ಆದರೆ ತಯಾರಿ ಇಲ್ಲದೆ ಬದಲಾಯಿಸಿದರೆ ಪಕ್ಕದಲ್ಲಿರುವ ವಿಂಡೋಸ್ ಬೂಟ್ ಆಗದೆ ನಿಲ್ಲಬಹುದು. ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ) ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ.

ನಾಲ್ಕನೆಯ ದಾರಿ, ಲಿನಕ್ಸ್ ಹಾಕಿಯೇ ಮಾರುವ ಯಂತ್ರ ಕೊಳ್ಳುವುದು. ಸಿಸ್ಟಮ್76, ಟಕ್ಸೀಡೊ ಎಂಬ ಕಂಪನಿಗಳು ಇರುವುದೇ ಇದಕ್ಕೆ. ಡೆಲ್ 2012ರಿಂದ ಎಕ್ಸ್‌ಪಿಎಸ್ 13ರ ಡೆವಲಪರ್ ಆವೃತ್ತಿಯನ್ನು ಉಬುಂಟು ಜೊತೆ ಮಾರಲು ಶುರು ಮಾಡಿತು, ಲೆನೊವೊ 2020ರಲ್ಲಿ ಥಿಂಕ್‌ಪ್ಯಾಡ್‌ಗಳನ್ನು ಫೆಡೋರಾ ಜೊತೆ ಕೊಡಲು ಆರಂಭಿಸಿತು. ತಲೆನೋವು ಕಡಿಮೆ, ಆಯ್ಕೆಯೂ ಕಡಿಮೆ.

ಡ್ರೈವರ್ ಎಲ್ಲಿಂದ ತರಬೇಕು

ವಿಂಡೋಸ್‌ನಿಂದ ಬಂದವರ ಕೈ ತಾನಾಗಿ ತಯಾರಕರ ಡೌನ್‌ಲೋಡ್ ಪುಟದ ಕಡೆ ಹೋಗುತ್ತದೆ. ಲಿನಕ್ಸ್‌ನಲ್ಲಿ ಅದು ಕೊನೆಯ ದಾರಿ ಆಗಿರಲಿ.

ಎಲ್ಲಕ್ಕಿಂತ ಒಳ್ಳೆಯದು ಕರ್ನಲ್ ಒಳಗೇ ಇರುವ ಡ್ರೈವರ್. ಕಾರಣ ಇದೆ. ಕರ್ನಲ್‌ನ ಒಳಗಿನ ಕೋಡ್ ಹೀಗೇ ಇರುತ್ತದೆ ಅಂತ ಅದನ್ನು ಬರೆಯುವವರು ಯಾರಿಗೂ ಮಾತು ಕೊಟ್ಟಿಲ್ಲ, ಅದು ಬದಲಾಗುತ್ತಲೇ ಇರುತ್ತದೆ. ಆದರೆ ಬದಲಾಯಿಸಿದವರು, ಕರ್ನಲ್ ಒಳಗೆ ಅದನ್ನು ಬಳಸುವ ಎಲ್ಲ ಡ್ರೈವರ್‌ಗಳನ್ನೂ ತಾವೇ ಸರಿ ಮಾಡಬೇಕು. ಒಳಗಿದ್ದವನಿಗೆ ಆ ರಕ್ಷಣೆ ಇದೆ, ಹೊರಗಿದ್ದವನಿಗೆ ಇಲ್ಲ. ನನ್ನ ಡಾಂಗಲ್ ನಿಂತದ್ದೂ ಇದಕ್ಕೇ. ಒಳಗಿನ ಡ್ರೈವರ್‌ಗೆ ನೀವು ಏನನ್ನೂ ಹಾಕಬೇಕಿಲ್ಲ, ಬೇಕಾದರೆ ಫರ್ಮ್‌ವೇರ್ ಫೈಲ್ (ಚಿಪ್ಪಿನೊಳಗೇ ಓಡುವ ಪುಟ್ಟ ಪ್ರೋಗ್ರಾಂ) ಮಾತ್ರ. ಅದು ಲಿನಕ್ಸ್ ಫರ್ಮ್‌ವೇರ್ ಎಂಬ ಪ್ಯಾಕೇಜ್‌ನಲ್ಲಿ ಬರುತ್ತದೆ. ಡೆಬಿಯನ್ ಎಂಬ ಡಿಸ್ಟ್ರೋದಲ್ಲಿ ಮೊದಲು ಇದನ್ನು ಬೇರೆಯಾಗಿ ಹುಡುಕಬೇಕಿತ್ತು. 2023ರಲ್ಲಿ ಬಂದ ಡೆಬಿಯನ್ 12ರಿಂದ ಇನ್‌ಸ್ಟಾಲರ್ ಜೊತೆಗೇ ಸಿಗುತ್ತಿದೆ.

ಕರ್ನಲ್ ಹಳೆಯದು, ಚಿಪ್ ಹೊಸದು ಅಂತಾದರೆ? ಡ್ರೈವರ್ ಹುಡುಕಬೇಡಿ, ಹೊಸ ಕರ್ನಲ್ ಹಾಕಿ. ಉಬುಂಟು ಎಲ್‌ಟಿಎಸ್‌ನಲ್ಲಿ (ದೀರ್ಘ ಕಾಲ ಅಪ್‌ಡೇಟ್ ಸಿಗುವ ಆವೃತ್ತಿ) ಎಚ್‌ಡಬ್ಲ್ಯೂಇ ಎಂಬ ಹೊಸ ಕರ್ನಲ್ ಇದಕ್ಕಾಗಿಯೇ ಇದೆ. ಉಬುಂಟು 22.04 ಹೊರಬಂದಾಗ ಕರ್ನಲ್ 5.15 ಇತ್ತು, ಎಚ್‌ಡಬ್ಲ್ಯೂಇ ಮೂಲಕ 6.8ರವರೆಗೆ ಬಂತು. ಡೆಬಿಯನ್‌ನಲ್ಲಿ ಹೊಸ ಕರ್ನಲ್‌ಗೆ ಬ್ಯಾಕ್‌ಪೋರ್ಟ್ಸ್ ಎಂಬ ಭಂಡಾರ ಇದೆ. ಫೆಡೋರಾ, ಆರ್ಚ್‌ಗಳಲ್ಲಿ ಹೊಸ ಕರ್ನಲ್ ತಾನಾಗೇ ಬರುತ್ತದೆ. ಈ ವರ್ಷ ಬಂದ ಲ್ಯಾಪ್‌ಟಾಪ್‌ಗೆ ಎರಡು ವರ್ಷ ಹಳೆಯ ಡಿಸ್ಟ್ರೋ ಹಾಕಿ ಒದ್ದಾಡುವುದಕ್ಕಿಂತ, ಹೊಸ ಡಿಸ್ಟ್ರೋವನ್ನೇ ಆರಿಸಿಕೊಳ್ಳುವುದು ಸುಲಭ.

ಎರಡನೇ ಸ್ಥಾನ ಡಿಸ್ಟ್ರೋದ ರೆಪೊಸಿಟರಿಗೆ, ಅಂದರೆ ಪ್ಯಾಕೇಜ್‌ಗಳ ಭಂಡಾರಕ್ಕೆ. ಉಬುಂಟುವಿನಲ್ಲಿ ಅಡಿಷನಲ್ ಡ್ರೈವರ್ಸ್, ಫೆಡೋರಾದಲ್ಲಿ ಅದಕ್ಕೆಂದೇ ಹೊರಗಿನವರು ನಡೆಸುವ ಆರ್‌ಪಿಎಂ ಫ್ಯೂಷನ್. ಕರ್ನಲ್ ಬದಲಾದಾಗ ಡ್ರೈವರ್ ಕೂಡ ಬದಲಾಗುವಂತೆ ಅಲ್ಲಿಯವರು ನೋಡಿಕೊಳ್ಳುತ್ತಾರೆ.

ಮೂರನೆಯದು ಡಿಕೆಎಂಎಸ್. ಇದನ್ನು 2003ರಲ್ಲಿ ಡೆಲ್‌ನ ಎಂಜಿನಿಯರ್‌ಗಳು ಬರೆದರು. ಹೊಸ ಕರ್ನಲ್ ಬಂದಾಗಲೆಲ್ಲ ಹೊರಗಿನ ಡ್ರೈವರ್‌ ಅನ್ನು ಇದು ತಾನೇ ಮತ್ತೆ ಕಂಪೈಲ್ ಮಾಡುತ್ತದೆ. ಕಂಪೈಲ್ ಆಗುವಷ್ಟು ದಿನ ಚಿಂತೆ ಇಲ್ಲ. ಅದಾಗುತ್ತಿರಬೇಕು ಅಂದರೆ ಆ ಸೋರ್ಸ್ ಕೋಡ್ ಅನ್ನು ಯಾರಾದರೂ ನೋಡಿಕೊಳ್ಳುತ್ತಿರಬೇಕು. ಹಾಕುವ ಮುಂಚೆ ಕೊನೆಯ ಬದಲಾವಣೆ ಯಾವಾಗ ಆಗಿದೆ ನೋಡಿ. ವರ್ಷಗಳಿಂದ ಯಾರೂ ಮುಟ್ಟದಿದ್ದರೆ ನಂಬಬೇಡಿ. ಹಳೆಯ ಕರ್ನಲ್ ಒಂದನ್ನು ಅಳಿಸದೆ ಇಟ್ಟುಕೊಂಡರೆ, ಹೊಸದರಲ್ಲಿ ಕೆಟ್ಟ ದಿನ ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಿಂದ ಹಳೆಯದಕ್ಕೆ ಹೋಗಬಹುದು.

ಸೆಕ್ಯೂರ್ ಬೂಟ್ (ಸಹಿ ಇರುವ ಸಾಫ್ಟ್‌ವೇರ್ ಮಾತ್ರ ಬೂಟ್ ಆಗಲು ಬಿಡುವ ವ್ಯವಸ್ಥೆ) ಆನ್ ಇದ್ದರೆ ಇನ್ನೊಂದು ಮೆಟ್ಟಿಲು. ಸಹಿ ಇಲ್ಲದ ಡ್ರೈವರ್ ಮಾಡ್ಯೂಲ್‌ ಅನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಡ್ರೈವರ್ ಹಾಕುವಾಗ ಉಬುಂಟು ಒಂದು ಪಾಸ್‌ವರ್ಡ್ ಕೇಳಿ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ತೋರಿಸುತ್ತದೆ. ಅಲ್ಲಿ ಎನ್‌ರೋಲ್ ಎಂಓಕೆ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ನೀಲಿ ಪರದೆ ಕಂಡು ಹೆದರಿ ಕಂಟಿನ್ಯೂ ಒತ್ತಿದವರು, ಆಮೇಲೆ "ಡ್ರೈವರ್ ಹಾಕಿದ್ದೇನೆ, ಓಡುತ್ತಿಲ್ಲ" ಅಂತ ಬರುತ್ತಾರೆ.

ತಯಾರಕರ ತಾಣದಿಂದ ಇಳಿಸಿ ನೇರ ಓಡಿಸುವ ಇನ್‌ಸ್ಟಾಲರ್ ಕೊನೆಯದು. ಅದು ಡಿಸ್ಟ್ರೋದ ಫೈಲ್‌ಗಳ ಮೇಲೆಯೇ ಬರೆಯಬಹುದು, ಪ್ಯಾಕೇಜ್ ಮ್ಯಾನೇಜರ್‌ಗೆ ಅದರ ಸುದ್ದಿಯೇ ಇರುವುದಿಲ್ಲ. ಬೇರೆ ಎಲ್ಲ ಬಾಗಿಲೂ ಮುಚ್ಚಿದಾಗ ಮಾತ್ರ.

ವೈಫೈ, ಗ್ರಾಫಿಕ್ಸ್ ಮತ್ತು ಉಳಿದವು

ವೈಫೈನಲ್ಲಿ ಕಣ್ಣುಮುಚ್ಚಿ ಆರಿಸಬೇಕಾದರೆ ನಾನು ಇಂಟೆಲ್ ಅನ್ನುತ್ತೇನೆ. ಎಎಕ್ಸ್200ಗೆ ಕರ್ನಲ್ 5.1, ಎಎಕ್ಸ್210ಗೆ 5.10 ಇದ್ದರೆ ಸಾಕು. ಕಾರ್ಡ್ ಬದಲಾಯಿಸಲು ಕೊಳ್ಳುವುದಾದರೆ ಒಂದು ಎಚ್ಚರ: ಎಎಕ್ಸ್201, ಎಎಕ್ಸ್211 ಅದಕ್ಕೆ ಹೊಂದುವ ಇಂಟೆಲ್ ಬೋರ್ಡ್‌ಗಳಲ್ಲಿ ಮಾತ್ರ ಓಡುತ್ತವೆ, ಎಎಂಡಿ ಯಂತ್ರಕ್ಕೆ ಹಾಕಿದರೆ ಪ್ರಯೋಜನ ಇಲ್ಲ. ಮೀಡಿಯಾಟೆಕ್‌ನ ಹೊಸ ಚಿಪ್‌ಗಳಿಗೆ ಕರ್ನಲ್ ಒಳಗೇ ಡ್ರೈವರ್ ಇದೆ, ಎಂಟಿ7921ಗೆ 5.12ರಿಂದ. ರಿಯಲ್‌ಟೆಕ್‌ನಲ್ಲಿ ಚಿಪ್ ನೋಡಿಯೇ ಹೇಳಬೇಕು. ಕೆಲವು ಒಳಗಿವೆ, ಕೆಲವು ಹೊರಗೆ. ಹಳೆಯ ಬ್ರಾಡ್‌ಕಾಮ್ ಚಿಪ್ಪಿಗೆ ಬೇರೆ ಪ್ಯಾಕೇಜ್ ಇಳಿಸಬೇಕು, ಇಳಿಸಲು ನೆಟ್ ಬೇಕು. ಆಗ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಅಂತಲೇ ತಿಳಿದು ತಕ್ಷಣ ಸೇರಿಸಿಕೊಳ್ಳುತ್ತದೆ. ಎಷ್ಟೋ ಜನರ ಒಂದು ಸಂಜೆ ಇದರಿಂದ ಉಳಿದಿದೆ.

ಡಾಂಗಲ್ ಕೊಳ್ಳುವವರಿಗೆ ಇನ್ನೊಂದು ಮಾತು. ಒಂದೇ ಹೆಸರು, ಒಂದೇ ಡಬ್ಬ, ಆದರೆ ವರ್ಷನ್ 2 ಅಂತ ಸಣ್ಣಕ್ಷರದಲ್ಲಿ ಇದ್ದರೆ ಒಳಗಿನ ಚಿಪ್ಪೇ ಬೇರೆ ಇರಬಹುದು. ಎಂಟಿ7612ಯು ಅಥವಾ ಎಂಟಿ7921ಯು ಚಿಪ್ ಇರುವುದು ಖಚಿತವಾದರೆ ಧೈರ್ಯವಾಗಿ ತನ್ನಿ, ಎರಡಕ್ಕೂ ಡ್ರೈವರ್ ಕರ್ನಲ್ ಒಳಗಿದೆ.

ಗ್ರಾಫಿಕ್ಸ್‌ನಲ್ಲಿ ಇಂಟೆಲ್, ಎಎಂಡಿ ಎರಡಕ್ಕೂ ಏನೂ ಹಾಕಬೇಕಿಲ್ಲ. ಎಎಂಡಿಜಿಪಿಯು ಡ್ರೈವರ್ 2015ರಲ್ಲಿ 4.2 ಕರ್ನಲ್‌ನೊಳಗೆ ಬಂತು. ತೀರಾ ಹೊಸ ಕಾರ್ಡ್‌ಗೆ ಹೊಸ ಕರ್ನಲ್ ಜೊತೆ ಹೊಸ ಮೆಸಾ (ಗ್ರಾಫಿಕ್ಸ್ ಲೈಬ್ರರಿ), ಹೊಸ ಫರ್ಮ್‌ವೇರ್ ಮೂರೂ ಬೇಕು. ಎನ್‌ವಿಡಿಯಾ ಬೇಕೇ ಬೇಕು ಅನ್ನುವವರಿದ್ದಾರೆ, ಕೂಡಾ (CUDA, ಎನ್‌ವಿಡಿಯಾ ಕಾರ್ಡ್‌ನಿಂದ ಲೆಕ್ಕ ಮಾಡಿಸುವ ವ್ಯವಸ್ಥೆ) ಬಳಸಿ ಕೆಲಸ ಮಾಡುವವರಿಗೆ ಬೇರೆ ದಾರಿ ಕಡಿಮೆ. ಅವರು ಡಿಸ್ಟ್ರೋದ ರೆಪೊಸಿಟರಿಯಿಂದಲೇ ಡ್ರೈವರ್ ತೆಗೆದುಕೊಳ್ಳಲಿ. 2022ರ ಮೇನಲ್ಲಿ ಎನ್‌ವಿಡಿಯಾ ತನ್ನ ಕರ್ನಲ್ ಮಾಡ್ಯೂಲ್‌ಗಳ ಸೋರ್ಸ್ ತೆರೆದಿಟ್ಟಿತು. ಇವು ಟ್ಯೂರಿಂಗ್, ಅಂದರೆ ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಮತ್ತು ನಂತರದ ಕಾರ್ಡ್‌ಗಳಿಗೆ ಮಾತ್ರ. ಜಿಟಿಎಕ್ಸ್ 900, 1000 ಸರಣಿಯವರ ಕಷ್ಟ ಬೇರೆ. 580 ಅವರ ಕೊನೆಯ ಡ್ರೈವರ್ ಸರಣಿ. ನೂವೋ ಹಾಕಿಕೊಳ್ಳೋಣ ಅಂದರೆ, ಅದಕ್ಕೆ ಈ ಕಾರ್ಡ್‌ಗಳ ವೇಗ ಏರಿಸಲು ಆಗುವುದಿಲ್ಲ. ಹಳೆಯ ಯಂತ್ರ ಕೊಳ್ಳುವಾಗ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಎರಡು ಗ್ರಾಫಿಕ್ಸ್ ಇರುವ ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ಎನ್‌ವಿಡಿಯಾ ಚಿಪ್ಪಿಗೇ ಜೋಡಣೆ ಆಗಿರುತ್ತದೆ, ಹೊರಗಿನ ಮಾನಿಟರ್ ಬಳಸುವವರು ಅದನ್ನು ಚುಚ್ಚಿ ನೋಡಬೇಕು.

ಪ್ರಿಂಟರ್ ಕೊಳ್ಳುವಾಗ ಏರ್‌ಪ್ರಿಂಟ್ ಅಥವಾ ಐಪಿಪಿ ಎವರಿವೇರ್ ಇದೆಯಾ ನೋಡಿ, ಇದ್ದರೆ ಡ್ರೈವರ್ ವಿಷಯವೇ ಬರುವುದಿಲ್ಲ. ಯುಎಸ್‌ಬಿ ವೆಬ್‌ಕ್ಯಾಮ್‌ಗಳು ಸಾಮಾನ್ಯವಾಗಿ ಯುವಿಸಿ ಎಂಬ ಸಾಮಾನ್ಯ ಮಾನದಂಡದವು, ಚುಚ್ಚಿದರೆ ಓಡುತ್ತವೆ. ಆದರೆ ಇಂಟೆಲ್ ಐಪಿಯು6 ಎಂಬ ಚಿತ್ರ ಸಂಸ್ಕರಣಾ ಘಟಕ ಬಳಸುವ ತೆಳು ಲ್ಯಾಪ್‌ಟಾಪ್‌ಗಳ ಒಳಗಿನ ಕ್ಯಾಮೆರಾ ಬಹಳ ಕಾಡಿದೆ. ಅದರ ಡ್ರೈವರ್‌ನ ಒಂದು ಭಾಗ ಕರ್ನಲ್‌ಗೆ ಬಂದದ್ದು 6.10ರಲ್ಲಿ. ಬೆರಳಚ್ಚು ಓದುವ ಚಿಪ್‌ಗೆ ಅದನ್ನು ನಡೆಸುವ ಲಿಬ್‌ಎಫ್‌ಪ್ರಿಂಟ್ ಎಂಬ ಸಾಫ್ಟ್‌ವೇರ್‌ನ ಪಟ್ಟಿ ನೋಡಿ, ಅಲ್ಲಿಲ್ಲದಿದ್ದರೆ ಅದರ ಆಸೆ ಬಿಡಿ.

ಯಾರು ಯಾವ ದಾರಿ ಹಿಡಿಯಬೇಕು

ಇದೇ ಯಂತ್ರದಿಂದ ಹೊಟ್ಟೆಪಾಡು ನಡೆಯಬೇಕು, ಸರಿ ಮಾಡುತ್ತ ಕೂರಲು ಸಮಯ ಇಲ್ಲ ಅನ್ನುವವರು ಲಿನಕ್ಸ್ ಹಾಕಿದ ಯಂತ್ರ, ಇಲ್ಲವೇ ಅಧಿಕೃತ ಪಟ್ಟಿಯಲ್ಲಿರುವ ಆಫೀಸು ಸರಣಿಯ ಲ್ಯಾಪ್‌ಟಾಪ್ ತೆಗೆದುಕೊಳ್ಳಲಿ. ಸ್ವಲ್ಪ ಜಾಸ್ತಿ ಖರ್ಚಾದರೂ ಸರಿ. ಹಣ ಕಡಿಮೆ ಇರುವವರಿಗೆ ಅದೇ ಸರಣಿಯ ಮೂರ್ನಾಲ್ಕು ವರ್ಷ ಹಳೆಯ, ಇಂಟೆಲ್ ಅಥವಾ ಎಎಂಡಿ ಗ್ರಾಫಿಕ್ಸ್‌ನ ಯಂತ್ರವೇ ಒಳ್ಳೆಯದು. ಅಷ್ಟು ವರ್ಷದಲ್ಲಿ ಅದರ ಡ್ರೈವರ್‌ಗಳು ಕರ್ನಲ್ ಒಳಗೆ ಬಂದು ಮಾಗಿರುತ್ತವೆ. ಗೇಮ್ ಆಡುವವರು, ಕೂಡಾ ಬೇಡವಾದರೆ, ಎಎಂಡಿ ಕಾರ್ಡ್ ಮತ್ತು ಹೊಸ ಕರ್ನಲ್ ಕೊಡುವ ಡಿಸ್ಟ್ರೋ ಆರಿಸಲಿ. ಕೈಲಿರುವ ಹಳೆಯ ಲ್ಯಾಪ್‌ಟಾಪ್‌ನಲ್ಲಿ ವೈಫೈ ಒಂದೇ ತೊಂದರೆ ಅಂದರೆ, ಹೊರಗಿನ ಡ್ರೈವರ್ ಜೊತೆ ಗುದ್ದಾಡುವುದಕ್ಕಿಂತ ಕಾರ್ಡ್ ಬದಲಾಯಿಸುವುದು ಮೇಲು. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬಯಾಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್‌ ಅನ್ನು ಒಪ್ಪುವುದಿಲ್ಲ, ಮೊದಲು ಅದನ್ನು ವಿಚಾರಿಸಿ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವವರು ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಹೋಗಿ, ಹತ್ತು ನಿಮಿಷ ಕೇಳಿ. ಮಾರುವವರು ಬೂಟ್ ಮಾಡಲು ಬಿಡದಿದ್ದರೆ ಡಿವೈಸ್ ಮ್ಯಾನೇಜರ್ ತೆರೆಯಲು ಹೇಳಿ. ವೈಫೈ, ಗ್ರಾಫಿಕ್ಸ್, ಬೆರಳಚ್ಚು ಮೂರರ ಹಾರ್ಡ್‌ವೇರ್ ಐಡಿಗಳ ಫೋಟೊ ತೆಗೆದುಕೊಂಡು ಬನ್ನಿ. ಅಷ್ಟನ್ನೂ ಕೊಡದಿದ್ದರೆ ನಾನಾಗಿದ್ದರೆ ಇನ್ನೊಂದು ಯಂತ್ರ ನೋಡುತ್ತೇನೆ.